ಸುಖವಾದ ಸವಾರಿ: ಅನುಗ್ರಹವೋ, ಆಡಂಬರವೋ?

ದಿನವೂ ಕೆಲಸಕ್ಕೆ ಹೋಗಿಬರುವ ಬೈಕನ್ನು ಮಾರಿ ಮೈಗೆ ಹಿತವಾದ ಇನ್ನೊಂದನ್ನು ಕೊಳ್ಳಬೇಕೆಂದು ಯೋಚಿಸುವ ಗೃಹಸ್ಥನ ಮನಸ್ಸಿನಲ್ಲಿ ಎರಡು ಮಾತುಗಳು ಒಟ್ಟಿಗೇ ಏಳುತ್ತವೆ. "ಓಡುವ ಗಾಡಿ ಇರುವಾಗ ಬರೀ ಸುಖಕ್ಕಾಗಿ ಹಣ ಸುರಿಯುವುದು ದುಂದುಗಾರಿಕೆಯಲ್ಲವೇ?" ಎಂಬುದು ಒಂದು. "ದಿನಾ ಸಂಜೆ ಸೊಂಟ ಹಿಡಿದುಕೊಂಡು ಮನೆಗೆ ಬರುವುದೂ ಒಂದು ಬಾಳೇ?" ಎಂಬುದು ಇನ್ನೊಂದು. ಮೊದಲನೆಯದು ದೇವಭಯವುಳ್ಳವನ ಮಾತಿನಂತೆ ಕೇಳಿಸುತ್ತದೆ, ಎರಡನೆಯದು ಸುಖಜೀವಿಯ ಮಾತಿನಂತೆ. ಆದರೆ ನಿಜವಾಗಿಯೂ ಹಾಗೆಯೇ? ಕಷ್ಟ ಅನುಭವಿಸುವುದೆಲ್ಲ ಪುಣ್ಯ, ಸುಖವನ್ನು ಬಯಸುವುದೆಲ್ಲ ಲೋಭ ಎಂದು ಹೇಳಲು ಬರುತ್ತದೆಯೇ?

ಒಂದು ಬೈಕಿನ ವಿಷಯಕ್ಕೆ ಇಷ್ಟೊಂದು ಯೋಚನೆ ಏಕೆ ಎಂದು ನೀವು ಕೇಳಬಹುದು. ನಮ್ಮ ಬದುಕಿನ ದೊಡ್ಡ ಪ್ರಶ್ನೆಗಳು ದೊಡ್ಡ ವೇಷದಲ್ಲಿ ಬರುವುದು ಅಪರೂಪ. ಅವು ಹೆಚ್ಚಾಗಿ ಮನೆಯ ಖರ್ಚು, ಉಡುಪು, ವಾಹನಗಳ ರೂಪದಲ್ಲೇ ಬಂದು ಬಾಗಿಲು ತಟ್ಟುತ್ತವೆ.

ಸೌಭಾಗ್ಯದ ನಾಲ್ಕು ಸಂಗತಿಗಳು

ಮನುಷ್ಯನ ಸೌಭಾಗ್ಯಕ್ಕೆ ಸೇರಿದ ನಾಲ್ಕು ಸಂಗತಿಗಳನ್ನು ಪ್ರವಾದಿ ಮುಹಮ್ಮದ್(ಸ)ರು ಎಣಿಸಿ ಹೇಳಿದ್ದುಂಟು. ಸದ್ಗುಣಿಯಾದ ಪತ್ನಿ, ವಿಶಾಲವಾದ ಮನೆ, ಒಳ್ಳೆಯ ನೆರೆಯವನು. ನಾಲ್ಕನೆಯದು ಹಿತವಾದ ವಾಹನ. ಸಅದ್ ಬಿನ್ ಅಬೀ ವಕ್ಕಾಸ್(ರ)ರಿಂದ ವರದಿಯಾದ ಈ ಹದೀಸಿನಲ್ಲಿ ಕೆಟ್ಟ ವಾಹನವನ್ನು ದುರ್ಭಾಗ್ಯದ ಪಟ್ಟಿಯಲ್ಲಿ ಸೇರಿಸಲಾಗಿದೆ. ಇಲ್ಲಿ ಒಂದು ಅಂಶ ಗಮನಾರ್ಹವಾಗಿದೆ. ವಾಹನಕ್ಕೆ ಹಚ್ಚಿದ ವಿಶೇಷಣ ಬೆಲೆಬಾಳುವ, ವೇಗದ ಅಥವಾ ಜನ ತಿರುಗಿ ನೋಡುವ ಎಂಬುದಲ್ಲ, ಹಿತವಾದ ಎಂಬುದು.

ಪವಿತ್ರ ಕುರ್‌ಆನ್ ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಅಲ್ಲಾಹನ ಅನುಗ್ರಹಗಳ ಸಾಲಿನಲ್ಲಿ ಪ್ರಸ್ತಾಪಿಸುವಾಗ ಅವು ಸವಾರಿಗೂ ಹೌದು, ಶೋಭೆಗೂ ಹೌದು ಎನ್ನುತ್ತದೆ. ಆದುದರಿಂದ ಚೆಂದದ, ಹಿತವಾದ ವಾಹನವನ್ನು ಇಷ್ಟಪಡುವುದೇ ತಪ್ಪೆಂಬ ಭಾವನೆಗೆ ಧರ್ಮದಲ್ಲಿ ಆಧಾರವಿಲ್ಲ. ಆದರೆ ಅದೇ ಗ್ರಂಥವು ವಾಹನ ಏರಿ ಕುಳಿತಾಗ ಏನನ್ನು ಸ್ಮರಿಸಬೇಕೆಂಬುದನ್ನೂ ಕಲಿಸಿದೆ. ಇದನ್ನು ನಮಗೆ ವಶಪಡಿಸಿಕೊಟ್ಟವನು ಅವನು, ನಮ್ಮ ಸ್ವಂತ ಬಲದಿಂದ ಇದು ಆಗುವಂತಿರಲಿಲ್ಲ, ಕೊನೆಗೆ ನಾವು ಮರಳುವುದು ಅವನ ಬಳಿಗೇ ಎಂಬುದು ಆ ಸ್ಮರಣೆಯ ಸಾರ. ಸುಖವನ್ನು ಅನುಭವಿಸು, ಆದರೆ ಅದರ ಒಡೆಯ ನೀನೆಂದು ಭಾವಿಸಬೇಡ ಎಂಬ ತಿಳಿವಳಿಕೆ ಇಲ್ಲಿದೆ.

ಮೈಗೂ ಒಂದು ಹಕ್ಕಿದೆ

ಒಬ್ಬ ವೃದ್ಧರು ತಮ್ಮ ಇಬ್ಬರು ಮಕ್ಕಳ ಹೆಗಲ ಮೇಲೆ ಭಾರ ಹಾಕಿ ಕಾಲೆಳೆಯುತ್ತಾ ನಡೆಯುತ್ತಿದ್ದುದನ್ನು ಪ್ರವಾದಿ(ಸ)ರು ಕಂಡರು. ವಿಚಾರಿಸಿದಾಗ, ನಡೆದೇ ಹೋಗುತ್ತೇನೆಂದು ಆತ ಹರಕೆ ಹೊತ್ತಿದ್ದಾರೆಂದು ತಿಳಿಯಿತು. ಈ ಮನುಷ್ಯ ತನ್ನನ್ನು ತಾನೇ ಹಿಂಸಿಸಿಕೊಳ್ಳುವುದರಿಂದ ಅಲ್ಲಾಹನಿಗೆ ಆಗಬೇಕಾದುದೇನೂ ಇಲ್ಲ ಎಂದು ಹೇಳಿ, ವಾಹನ ಏರುವಂತೆ ಆಜ್ಞಾಪಿಸಿದರು. ನೆನಪಿಡಿ, ಅದು ಸೋಮಾರಿಯ ಪಯಣವಾಗಿರಲಿಲ್ಲ, ಆರಾಧನೆಯ ಪಯಣವಾಗಿತ್ತು. ಅಲ್ಲಿಯೂ ಅನಗತ್ಯವಾದ ನೋವಿಗೆ ಬೆಲೆ ಸಿಗಲಿಲ್ಲ. ಇನ್ನು ಕಚೇರಿಗೋ ಅಂಗಡಿಗೋ ಹೋಗುವ ಪಯಣದಲ್ಲಿ ಅದಕ್ಕೆ ಬೆಲೆ ಎಲ್ಲಿಂದ ಬರಬೇಕು?

ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ದೇಹವನ್ನು ದಂಡಿಸುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ, ನಿನ್ನ ಮೈಗೂ ನಿನ್ನ ಮೇಲೆ ಹಕ್ಕಿದೆ ಎಂದು ಪ್ರವಾದಿ(ಸ)ರು ತಿಳಿಹೇಳಿದರು. ಹೊಟ್ಟೆ ಬೆನ್ನಿಗೆ ಅಂಟಿದ್ದ ಒಂಟೆಯನ್ನು ಕಂಡಾಗ, ಮಾತು ಬಾರದ ಈ ಪ್ರಾಣಿಗಳ ವಿಷಯದಲ್ಲಿ ಅಲ್ಲಾಹನನ್ನು ಭಯಪಡಿರೆಂದು ಎಚ್ಚರಿಸಿದರು. ನಮ್ಮ ಸೊಂಟ, ಮಣಿಕಟ್ಟು, ಮೊಣಕಾಲುಗಳೂ ಮಾತು ಬಾರದವೇ. ಅವು ನೋವಿನ ಮೂಲಕ ಮಾತ್ರ ದೂರು ಕೊಡುತ್ತವೆ. ಅವೂ ನಮ್ಮ ಸ್ವಂತ ಸೊತ್ತಲ್ಲ, ಅಮಾನತ್ತು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಬಿ.ಸಿ. ರೋಡಿನಿಂದ ಮಂಗಳೂರಿಗೆ ಸುಮಾರು 25 ಕಿ.ಮೀ. ದಿನವೂ ಹೋಗಿಬಂದರೆ 50 ಕಿ.ಮೀ. ತಿಂಗಳಿಗೆ 25 ಕೆಲಸದ ದಿನಗಳೆಂದರೆ 1,250 ಕಿ.ಮೀ., ವರ್ಷಕ್ಕೆ 15,000 ಕಿ.ಮೀ. ಮೂರು ವರ್ಷ ತುಂಬುವುದರೊಳಗೆ ಭೂಮಿಯ ಸುತ್ತಳತೆಯಾದ ಸುಮಾರು 40,000 ಕಿ.ಮೀ.ಯಷ್ಟು ದಾರಿಯನ್ನು ಆ ಮನುಷ್ಯ ಕ್ರಮಿಸಿರುತ್ತಾನೆ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಎಂದಿಟ್ಟುಕೊಂಡರೆ ವರ್ಷಕ್ಕೆ 600 ಗಂಟೆ. ಅಂದರೆ ಪೂರ್ತಿ 25 ಹಗಲು, 25 ರಾತ್ರಿಗಳನ್ನು ಆತ ಸೀಟಿನ ಮೇಲೆಯೇ ಕಳೆಯುತ್ತಾನೆ. ಮನೆಗೆ ಒಳ್ಳೆಯ ಹಾಸಿಗೆ ತರುವುದನ್ನು ನಾವು ದುಂದುಗಾರಿಕೆ ಎನ್ನುವುದಿಲ್ಲ. ವರ್ಷದಲ್ಲಿ 600 ಗಂಟೆ ಕೂರುವ ಜಾಗದ ಬಗ್ಗೆ ವಿಚಾರ ಮಾಡುವುದು ಹೇಗೆ ದುಂದುಗಾರಿಕೆಯಾಗುತ್ತದೆ?

ಆ ನೋವು ಸವಾರನೊಬ್ಬನಿಗೇ ಸೀಮಿತವೂ ಅಲ್ಲ. ಬೆನ್ನು ಸಿಡಿಯುತ್ತಾ ಮನೆಗೆ ಬಂದವನು ಮಗುವಿನ ಪ್ರಶ್ನೆಗೆ ಗದರುತ್ತಾನೆ. ಪತ್ನಿ ಏನೋ ಹೇಳಲು ಬಂದರೆ "ಮತ್ತೆ ನೋಡೋಣ" ಎನ್ನುತ್ತಾನೆ. ಉಮ್ಮನ ಪಕ್ಕದಲ್ಲಿ ಐದು ನಿಮಿಷ ಕೂರುವ ತಾಳ್ಮೆ ಉಳಿದಿರುವುದಿಲ್ಲ. ಇಶಾ ನಮಾಝ್ ಬೇಗ ಮುಗಿದರೆ ಸಾಕು ಎನಿಸುತ್ತದೆ. ಸಲ್ಮಾನ್(ರ)ರು ಅಬುದ್ದರ್ದಾ(ರ)ರಿಗೆ ನೆನಪಿಸಿದಂತೆ ಪ್ರಭುವಿಗೆ, ಸ್ವಂತ ಶರೀರಕ್ಕೆ, ಮನೆಯವರಿಗೆ ಬೇರೆ ಬೇರೆ ಹಕ್ಕುಗಳಿವೆ. ಆದರೆ ಅವೆಲ್ಲವನ್ನೂ ಸಲ್ಲಿಸಬೇಕಾದುದು ಒಂದೇ ದೇಹ. ಅದು ದಾರಿಯಲ್ಲೇ ಸವೆದುಹೋದರೆ ಹಕ್ಕುಗಳು ಬಾಕಿ ಉಳಿಯುತ್ತವೆ.

ಕಷ್ಟದ ವೇಷ ತೊಟ್ಟ ಅಹಂಕಾರ

ಇಷ್ಟೆಲ್ಲ ತಿಳಿದಿದ್ದರೂ ಅನೇಕರು ಬೈಕ್ ಬದಲಾಯಿಸಲು ಒಪ್ಪುವುದಿಲ್ಲ. ಕೆಲವರಿಗೆ ಹಣದ ಅಡಚಣೆ. ಅದು ನ್ಯಾಯವಾದ ಕಾರಣ. ಆದರೆ ಇನ್ನು ಕೆಲವರಿಗೆ ಅಡ್ಡಿಯಾಗಿರುವುದು ಬೇರೊಂದು ಸಂಗತಿ.

ನಮ್ಮ ನಾಡಿನಲ್ಲಿ ಬೈಕಿಗೂ ಯೌವನಕ್ಕೂ ಬಹಳ ಹಳೆಯ ನಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರ ತನಕ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರ ತಯಾರಿಕೆಯೂ 1996ರಲ್ಲಿ ನಿಂತಿತು. ಇಂದಿಗೂ ಅವುಗಳನ್ನು ಉಜ್ಜಿ ತಿಕ್ಕಿ ಇಟ್ಟುಕೊಂಡವರಿದ್ದಾರೆ. ಬುಲೆಟ್ಟಿನ ಮೋಹವಂತೂ ತಲೆಮಾರುಗಳನ್ನು ದಾಟಿ ಬಂದಿದೆ. ಅಂಥ ಪ್ರೀತಿಯಲ್ಲಿ ತಪ್ಪೇನೂ ಇಲ್ಲ. ಆದರೆ 22ನೇ ವಯಸ್ಸಿನಲ್ಲಿ ಕೊಂಡ ಬೈಕು 42ನೇ ವಯಸ್ಸಿನ ಸೊಂಟಕ್ಕೆ ಒಗ್ಗಲೇಬೇಕೆಂದಿಲ್ಲ. ಈಗಿನ 350 ಸಿ.ಸಿ. ಬುಲೆಟ್ ಸುಮಾರು 195 ಕಿಲೋ ತೂಗುತ್ತದೆ, 100 ಸಿ.ಸಿ.ಯ ಸಾಮಾನ್ಯ ಬೈಕು ಸುಮಾರು 110 ಕಿಲೋ. ಹೆದ್ದಾರಿಯಲ್ಲಿ ಓಡುವಾಗ ಈ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಇಕ್ಕಟ್ಟಾದ ಗಲ್ಲಿಯಲ್ಲಿ ತಿರುಗಿಸುವಾಗ, ಮಳೆಯಲ್ಲಿ ನೆನೆದ ಇಳಿಜಾರಿನಲ್ಲಿ ಹಿಂದಕ್ಕೆ ಎಳೆಯುವಾಗ, ಮಸೀದಿಯ ಅಂಗಳದಲ್ಲಿ ಸ್ಟ್ಯಾಂಡ್ ಹಾಕುವಾಗ ತಿಳಿಯುತ್ತದೆ.

"ಇದನ್ನು ಬಿಟ್ಟು ಸ್ಕೂಟರ್ ಹತ್ತಿದರೆ ಗೆಳೆಯರು ಏನೆಂದಾರು? ಮುದುಕನಾದ ಎನ್ನಲಾರರೇ?" ಎಂಬ ಅಳುಕು ನಿಮ್ಮ ಮನಸ್ಸಿನಲ್ಲಿದ್ದರೆ ಸ್ವಲ್ಪ ನಿಂತು ಯೋಚಿಸಿ. ಆಗ ನೀವು ನೋವನ್ನು ಸಹಿಸುತ್ತಿರುವುದು ಸರಳತೆಗಾಗಿ ಅಲ್ಲ, ಜನರ ಕಣ್ಣಿಗಾಗಿ. ಆಡಂಬರವು ಹೊಸ ಬೈಕಿನ ಮೇಲೆ ಮಾತ್ರ ಕುಳಿತು ಬರುತ್ತದೆಂದು ನಾವು ಭಾವಿಸುತ್ತೇವೆ. ಅದು ಹಳೆಯ ಬೈಕಿನ ಮೇಲೂ ಕೂರಬಲ್ಲುದು. ಸಹನೆ ಎಂಬ ಸುಂದರವಾದ ಹೆಸರಿನ ಹಿಂದೆ ಅಹಂಕಾರ ಅಡಗಿರಬಲ್ಲುದು. ಸಬ್ರ್ ಎಂದರೆ ತಪ್ಪಿಸಲಾಗದ ಕಷ್ಟದಲ್ಲಿ ಧೃತಿಗೆಡದಿರುವುದು. ತಪ್ಪಿಸಬಹುದಾದ ನೋವನ್ನು ಹೆಮ್ಮೆಗಾಗಿ ಹೊತ್ತು ತಿರುಗುವುದಲ್ಲ.

ಹಿತ ಎಂದರೆ ಯಾವುದು?

ಬದಲಾಯಿಸಲು ಮನಸ್ಸು ಮಾಡಿದ ಮೇಲೂ ಅವಸರ ಸಲ್ಲದು. ನೋಡಲು ಸುಖವಾಗಿ ಕಾಣುವುದೆಲ್ಲ ಕೂರಲು ಸುಖವಲ್ಲ. ಹ್ಯಾಂಡಲ್ ಕೆಳಗೆ, ಕಾಲಿಡುವ ಜಾಗ ಹಿಂದಕ್ಕೆ ಇರುವ ರೇಸಿನ ಮಾದರಿಯ ಬೈಕಿನಲ್ಲಿ ಸವಾರ ಮುಂದಕ್ಕೆ ಬಾಗಬೇಕು. ಅತಿ ವೇಗದಲ್ಲಿ ಎದುರುಗಾಳಿ ಎದೆಯನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ಪೇಟೆಯ 30 ಕಿ.ಮೀ. ವೇಗದಲ್ಲಿ ಆ ಆಸರೆ ಇಲ್ಲ. ಭಾರವೆಲ್ಲ ಮಣಿಕಟ್ಟುಗಳ ಮೇಲೆ ಬೀಳುತ್ತದೆ. ಕಾಲುಗಳನ್ನು ಮುಂದಕ್ಕೆ ಚಾಚಿ ಒರಗಿದಂತೆ ಕೂರುವ ಬೈಕುಗಳು ಆರಾಮಕುರ್ಚಿಯಂತೆ ತೋರುತ್ತವೆ. ಆದರೆ ಹೊಂಡ ಬಂದಾಗ ಕಾಲೂರಿ ಮೈಯನ್ನು ಎತ್ತಿಕೊಳ್ಳಲಾಗದೆ ಏಟು ನೇರವಾಗಿ ಬೆನ್ನುಮೂಳೆಗೆ ತಾಗುತ್ತದೆ. ಗೇರಿಲ್ಲದ ಸ್ಕೂಟರಿನಲ್ಲಿ ಕ್ಲಚ್ ಹಿಡಿದು ಎಡಗೈ ಸೋಲುವ ತೊಂದರೆ ಇಲ್ಲ, ಸಾಮಾನು ಇಡಲು ಜಾಗವೂ ಉಂಟು. ಆದರೆ ಅದರ 10 ಅಥವಾ 12 ಇಂಚಿನ ಪುಟ್ಟ ಚಕ್ರಗಳು, ಬೈಕಿನ 17 ಅಥವಾ 18 ಇಂಚಿನ ಚಕ್ರಗಳಿಗಿಂತ ಹೊಂಡಕ್ಕೆ ಹೆಚ್ಚು ಆಳವಾಗಿ ಇಳಿಯುತ್ತವೆ. ನೆಟ್ಟಗೆ ಕೂರುವಂತಿರುವ, ಕಾಲು ನೆಲಕ್ಕೆ ಚೆನ್ನಾಗಿ ಎಟಕುವ, ಹೆಚ್ಚು ತೂಕವಿಲ್ಲದ ಗಾಡಿಯೇ ಬಹುಪಾಲು ಜನರ ದಿನನಿತ್ಯದ ಓಡಾಟಕ್ಕೆ ಒದಗುತ್ತದೆ. ಶೋರೂಮಿನಲ್ಲಿ ಎರಡು ನಿಮಿಷ ಕೂತು ನಿರ್ಧರಿಸಬೇಡಿ. ಮೆತ್ತಗಿನ ಸೀಟು ಆರಂಭದಲ್ಲಿ ಹಿತವೆನಿಸಿ ಅರ್ಧ ಗಂಟೆಯ ಬಳಿಕ ಕುಸಿಯಬಹುದು. ಪರಿಚಯದವರ ಗಾಡಿಯನ್ನು ಕೇಳಿ ಪಡೆದು, ನೀವು ದಿನಾ ಹೋಗುವ ದಾರಿಯಲ್ಲೇ ಓಡಿಸಿ ನೋಡಿ.

ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಇರುವ ಬೈಕನ್ನೇ ಸರಿಪಡಿಸಲು ಸಾಧ್ಯವೇ ಎಂದು ಪರೀಕ್ಷಿಸುವುದು. ಟಯರಿನಲ್ಲಿ ಗಾಳಿ ಅಳತೆ ಮೀರಿದ್ದರೆ ಪ್ರತಿ ಕಲ್ಲೂ ಮೈಗೆ ತಾಗುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರ್ ಸೋರುತ್ತಿರಬಹುದು, ಅಥವಾ ಅದರ ಬಿಗಿತವನ್ನು ನಿಮ್ಮ ತೂಕಕ್ಕೆ ಹೊಂದಿಸದೆ ಇರಬಹುದು. ಸೀಟಿನ ಸ್ಪಂಜು ಸತ್ತಿದ್ದರೆ ಸೀಟ್ ಕವರ್ ಹೊಲಿಯುವ ಅಂಗಡಿಯಲ್ಲಿ ಬದಲಾಯಿಸಿಕೊಡುತ್ತಾರೆ. ಸಣ್ಣ ಖರ್ಚಿನಲ್ಲಿ ತೀರುವ ತೊಂದರೆಗೆ ದೊಡ್ಡ ಖರ್ಚು ಮಾಡುವುದೇ ದುಂದುಗಾರಿಕೆ. ಇನ್ನು ನೋವು ಕಾಲಿಗೆ ಇಳಿಯುತ್ತಿದ್ದರೆ, ಕಾಲು ಜೋಮು ಹಿಡಿಯುತ್ತಿದ್ದರೆ ಹೋಗಬೇಕಾದುದು ಶೋರೂಮಿಗಲ್ಲ, ವೈದ್ಯರ ಬಳಿಗೆ.

ಹಿಂದೆ ಕೂರುವವರನ್ನು ಕೇಳಿದ್ದೀರಾ?

ಬೈಕ್ ಕೊಳ್ಳುವಾಗ ಗಂಡಸರು ಇಂಜಿನ್, ಮೈಲೇಜ್, ಬಣ್ಣಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುತ್ತಾರೆ. ಹಿಂದಿನ ಸೀಟಿನಲ್ಲಿ ಕೂರುವಾಕೆಯ ಅಭಿಪ್ರಾಯ ಕೇಳುವವರು ಎಷ್ಟು ಮಂದಿ? ಪ್ರವಾದಿ(ಸ)ರು ತಮ್ಮ ಪತ್ನಿ ಸಫಿಯ್ಯ(ರ)ರು ಒಂಟೆ ಏರುವಾಗ ಮೊಣಕಾಲೂರಿ ಕುಳಿತು, ಆಕೆ ತಮ್ಮ ಮೊಣಕಾಲಿನ ಮೇಲೆ ಪಾದವಿಟ್ಟು ಹತ್ತಲು ಅನುವು ಮಾಡಿಕೊಟ್ಟರು. ಮುಆದ್(ರ), ಇಬ್ನು ಅಬ್ಬಾಸ್(ರ)ರಂಥವರನ್ನು ತಮ್ಮ ಹಿಂದೆ ಕೂರಿಸಿಕೊಂಡು ಹೋಗುವಾಗ ಅವರಿಗೆ ಬದುಕಿನ ಪಾಠಗಳನ್ನು ಹೇಳಿಕೊಟ್ಟರು. ಹಿಂದೆ ಕೂತವರು ಅವರ ಪಾಲಿಗೆ ಸಾಮಾನಿನ ಗಂಟಾಗಿರಲಿಲ್ಲ.

ನಮ್ಮ ರಸ್ತೆಗಳಲ್ಲಿ ಹಿಂಬದಿ ಕೂತ ಮಹಿಳೆಯರ ಬುರ್ಖಾ, ದುಪಟ್ಟಾ, ಸೀರೆಯ ಸೆರಗು ಚಕ್ರಕ್ಕೋ ಚೈನಿಗೋ ಸಿಕ್ಕಿ ಆಗುವ ಅವಘಡಗಳು ನಿಮಗೆ ಹೊಸತಲ್ಲ. ಹಿಂದಿನ ಸವಾರರಿಗೆ ಕೈಹಿಡಿ, ಕಾಲಿಡುವ ಜಾಗ, ಹಿಂಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಚೆಂದಕ್ಕೆಂದು ಅದನ್ನು ಕಳಚಿಸುವವರು ಒಂದು ಜೀವದ ಮೇಲೆ ಜೂಜಾಡುತ್ತಾರೆ. ಹಿಂದಿನ ಸೀಟು ಎತ್ತರಕ್ಕೆ, ಕಿರಿದಾಗಿ ಇರುವ ಬೈಕು ಸವಾರನಿಗೆ ಎಷ್ಟೇ ಪ್ರಿಯವಾದರೂ ಕುಟುಂಬಕ್ಕೆ ಹಿತವಲ್ಲ.

ಇನ್ನೊಂದು ಭ್ರಮೆಯನ್ನೂ ಬಿಡಬೇಕು. ದೊಡ್ಡ ಸೀಟಿನ ಬೈಕು ಬಂತೆಂದು ಮನೆಮಂದಿಯೆಲ್ಲ ಒಂದರ ಮೇಲೆ ಹೋಗಬಹುದೆಂದಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸವಾರನ ಹಿಂದೆ ಒಬ್ಬರಿಗೆ ಮಾತ್ರ ಅವಕಾಶ. ಹಿಂದಿನವರಿಗೂ ಹೆಲ್ಮೆಟ್ ಧರಿಸುವುದನ್ನು ಕರ್ನಾಟಕದಲ್ಲಿ 2016ರಿಂದ ಕಡ್ಡಾಯಗೊಳಿಸಲಾಗಿದೆ. ನಾಲ್ಕು ವರ್ಷದೊಳಗಿನ ಮಗುವಿದ್ದರೆ ಹೆಲ್ಮೆಟ್ ಜೊತೆಗೆ ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಇರಬೇಕು, ವೇಗ 40 ಕಿ.ಮೀ. ಮೀರಬಾರದು. 2022ರಲ್ಲಿ ಪ್ರಕಟವಾದ ಈ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಹೊಸ ಬೈಕಿಗೆ ಹಣ ಹೊಂದಿಸುವವನು ಎರಡನೆಯ ಹೆಲ್ಮೆಟ್‌ಗೆ ಹಣವಿಲ್ಲ ಎಂದರೆ, ಆತ ಹುಡುಕುತ್ತಿರುವುದು ತನ್ನೊಬ್ಬನ ಸುಖವನ್ನು ಎಂದೇ ಅರ್ಥ.

ಪ್ರತಿಫಲ, ಮರೆ, ಹೊರೆ

ಹಾಗಾದರೆ ಅನುಗ್ರಹ ಎಲ್ಲಿ ಮುಗಿಯುತ್ತದೆ, ಆಡಂಬರ ಎಲ್ಲಿ ಆರಂಭವಾಗುತ್ತದೆ? ಪ್ರವಾದಿ(ಸ)ರು ಕುದುರೆಗಳ ಬಗ್ಗೆ ಹೇಳಿದ ಮಾತು ಇಲ್ಲಿ ನಮಗೆ ಅಳತೆಗೋಲಾಗಬಲ್ಲುದು. ಕುದುರೆಯು ಒಬ್ಬನಿಗೆ ಪ್ರತಿಫಲ ತರುತ್ತದೆ, ಇನ್ನೊಬ್ಬನಿಗೆ ಮಾನ ಕಾಯುವ ಮರೆಯಾಗುತ್ತದೆ, ಮತ್ತೊಬ್ಬನಿಗೆ ಪಾಪದ ಹೊರೆಯಾಗುತ್ತದೆ. ಅಲ್ಲಾಹನ ಮಾರ್ಗದಲ್ಲಿ ಸಾಕಿದವನದು ಮೊದಲನೆಯದು. ಇತರರ ಮುಂದೆ ಕೈಚಾಚದೆ ಬದುಕಲು ಸಾಕಿದವನು, ಅದರಲ್ಲಿರುವ ಅಲ್ಲಾಹನ ಹಕ್ಕನ್ನು ಮರೆಯದವನು ಎರಡನೆಯವನು. ಜಂಬಕ್ಕಾಗಿ, ಪ್ರದರ್ಶನಕ್ಕಾಗಿ ಸಾಕಿದವನು ಮೂರನೆಯವನು. ಪ್ರಾಣಿ ಒಂದೇ, ಮೂವರ ಗತಿ ಮಾತ್ರ ಬೇರೆ.

ಖಲೀಫಾ ಉಮರ್(ರ)ರು ಶಾಮ್ ದೇಶಕ್ಕೆ ಹೋದಾಗ ಅವರಿಗೆ ಸವಾರಿಗೆಂದು ಬೆಡಗಿನ ಕುದುರೆಯೊಂದನ್ನು ತಂದುಕೊಟ್ಟರಂತೆ. ಅದು ಕುಣಿಯುತ್ತಾ ನಡೆಯತೊಡಗಿದಾಗ ಅವರು ಇಳಿದುಬಿಟ್ಟು, ತಮ್ಮ ಒಂಟೆಯನ್ನೇ ತರಿಸಿಕೊಂಡರೆಂದು ಇತಿಹಾಸಕಾರರು ವರದಿ ಮಾಡಿದ್ದಾರೆ. ಅವರಿಗೆ ಅಳುಕು ತಂದದ್ದು ಕುದುರೆಯ ಬೆಲೆಯಲ್ಲ, ಅದರ ಬೆನ್ನೇರಿದಾಗ ತಮ್ಮೊಳಗೆ ಆದ ಬದಲಾವಣೆ. ನೀವೂ ಹೊಸ ಬೈಕಿನ ಮೇಲೆ ಕುಳಿತು ನಿಮ್ಮೊಳಗನ್ನು ಒಮ್ಮೆ ನೋಡಿಕೊಳ್ಳಿ. ಪಾದಚಾರಿ ಅಡ್ಡ ಬಂದಾಗ ಹಾರ್ನ್ ಮೇಲಿನ ಬೆರಳು ಮೊದಲಿಗಿಂತ ಜೋರಾಯಿತೇ? ಸೈಲೆನ್ಸರ್ ಬದಲಾಯಿಸಿ ಬೀದಿಯ ರೋಗಿಗಳ, ಹಸುಗೂಸುಗಳ ನಿದ್ದೆ ಕೆಡಿಸುವ ಆಸೆ ಮೂಡಿತೇ? ಹಳೆಯ ಲೂನಾದಲ್ಲಿ ಬರುವ ನೆರೆಯವರಿಗೆ ಸಲಾಮ್ ಹೇಳಲು ನಾಲಿಗೆ ಹಿಂಜರಿಯಿತೇ? ಹಾಗಿದ್ದರೆ ಆ ಗಾಡಿ ಸೊಂಟದ ಭಾರ ಇಳಿಸಿ ಹೃದಯದ ಮೇಲೆ ಭಾರ ಹೇರಿದೆ ಎಂದರ್ಥ.

ಬಂದ ದಾರಿಯೂ ಮುಖ್ಯ

ಹಿತವಾದ ವಾಹನ ಒಳ್ಳೆಯದೇ, ಆದರೆ ಅದು ಮನೆಗೆ ಬರುವ ದಾರಿಯೂ ಒಳ್ಳೆಯದಾಗಿರಬೇಕು. ಶೋರೂಮಿನಲ್ಲಿ ಕೂರುವ ಮೊದಲೇ ಸಾಲದ ಕಾಗದ ಮುಂದಿಡುತ್ತಾರೆ. ತಿಂಗಳ ಕಂತು ಚಿಕ್ಕದಾಗಿ ಕಾಣುತ್ತದೆ. ಅದರೊಳಗಿನ ಬಡ್ಡಿ ಕಾಣುವುದಿಲ್ಲ. ಬೆನ್ನಿನ ನೋವಿನಿಂದ ಪಾರಾಗಲು, ಅಲ್ಲಾಹನು ಕಟ್ಟುನಿಟ್ಟಾಗಿ ನಿಷೇಧಿಸಿದ ಬಡ್ಡಿಯೊಳಗೆ ಕಾಲಿಡುವುದು ಯಾವ ಸುಖ? ಒಂದೆರಡು ವರ್ಷ ಕೂಡಿಟ್ಟು ಕೊಳ್ಳಬಹುದು. ಸುಸ್ಥಿತಿಯಲ್ಲಿರುವ ಬಳಸಿದ ಗಾಡಿಯನ್ನು, ಆರ್.ಸಿ., ವಿಮೆಗಳನ್ನು ಸರಿಯಾಗಿ ನೋಡಿ ಕೊಳ್ಳಬಹುದು. ಅಣ್ಣತಮ್ಮಂದಿರಲ್ಲಿ ಅನುಕೂಲವಿರುವವರು ಬಡ್ಡಿಯಿಲ್ಲದ ಕೈಸಾಲ ನೀಡುವುದು ಪುಣ್ಯದ ಕೆಲಸ. ಹಾಗೆ ಪಡೆದುದನ್ನು ಮಾತಿಗೆ ಸರಿಯಾಗಿ ತೀರಿಸುವುದು ಕರ್ತವ್ಯ. ತಂಗಿಯ ಚಿಕಿತ್ಸೆ, ಮಗಳ ಶುಲ್ಕ, ಹಳೆಯ ಸಾಲ ಮುಂದಿದ್ದರೆ ಬೈಕು ಕಾಯಲೇಬೇಕು. ಅಂಥ ಸಂದರ್ಭದಲ್ಲಿ ಹಳೆಯ ಗಾಡಿಯ ಮೇಲೆ ಅನುಭವಿಸುವ ನೋವು ನಿಜವಾದ ಸಬ್ರ್, ಅದು ವ್ಯರ್ಥವಾಗುವುದಿಲ್ಲ.

ಹಳೆಯ ಬೈಕನ್ನು ಮಾರುವಾಗಲೂ ಒಂದು ಪರೀಕ್ಷೆ ಕಾದಿದೆ. ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ)ರು ಕೈ ಹಾಕಿದಾಗ ಅಡಿಯಲ್ಲಿ ಒದ್ದೆ ಸಿಕ್ಕಿತು. ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿ, ವಂಚಿಸುವವನು ನಮ್ಮವನಲ್ಲವೆಂದು ಸಾರಿದರು. ಮೀಟರನ್ನು ಹಿಂದಕ್ಕೆ ತಿರುಗಿಸುವುದು, ಬಿದ್ದು ಬಾಗಿದ ಫೋರ್ಕನ್ನು ಬಣ್ಣ ಬಳಿದು ಮರೆಮಾಚುವುದು, ಇಂಜಿನ್ನಿನ ಸದ್ದು ಕೇಳಿಸದಿರಲೆಂದು ದಪ್ಪ ಎಣ್ಣೆ ಸುರಿಯುವುದು - ಇವೆಲ್ಲ ನಮ್ಮ ಕಾಲದ ಒದ್ದೆ ಧಾನ್ಯಗಳು. ನಿಮ್ಮ ಸೊಂಟ ಮುರಿದ ಗಾಡಿಯನ್ನು "ತುಂಬ ಆರಾಮದ ಗಾಡಿ" ಎಂದು ಹೇಳಿ ಇನ್ನೊಬ್ಬನ ತಲೆಗೆ ಕಟ್ಟಿದರೆ, ಆ ಹಣದಿಂದ ಕೊಂಡ ಸುಖದಲ್ಲಿ ಬರಕತ್ ಎಲ್ಲಿಂದ ಬರಬೇಕು? ದೋಷವನ್ನು ಹೇಳಿ, ಬೆಲೆ ತಗ್ಗಿಸಿ, ಆರ್.ಸಿ. ವರ್ಗಾವಣೆ ಮುಗಿಸಿಕೊಡಿ.

ಉಳಿದ ಶಕ್ತಿಯ ಲೆಕ್ಕ

ಪ್ರಿಯ ಓದುಗರೇ, ಕೊನೆಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಈ ಸುಖದಿಂದ ಉಳಿದ ಶಕ್ತಿ ಎಲ್ಲಿಗೆ ಹೋಗುತ್ತದೆ? ಹೊಸ ಬೈಕು ನಿಮ್ಮನ್ನು ನೋವಿಲ್ಲದೆ ಮನೆ ಮುಟ್ಟಿಸಿತು. ಆ ಸಂಜೆ ಮಗನ ಲೆಕ್ಕದ ಪುಸ್ತಕ ತೆರೆದಿರೇ? ಉಮ್ಮನ ಕಾಲೊತ್ತಿದಿರೇ? ರುಕೂಅ್, ಸುಜೂದ್‌ಗಳು ನಿಧಾನಗೊಂಡವೇ? ಹೌದಾದರೆ ನೀವು ಕೊಟ್ಟ ಪ್ರತಿಯೊಂದು ರೂಪಾಯಿಯೂ ಸಾರ್ಥಕ. ಅಲ್ಲ, ಉಳಿದ ಶಕ್ತಿಯೆಲ್ಲ ಮೊಬೈಲಿಗೂ ರಾತ್ರಿಯ ತಿರುಗಾಟಕ್ಕೂ ಹೋಯಿತೆಂದಾದರೆ ಬೈಕು ಬದಲಾಗಿದೆ, ಸವಾರ ಬದಲಾಗಿಲ್ಲ.

ನಿಮ್ಮ ಹಿಂದಿನ ಸೀಟು ಹೆಚ್ಚಿನ ದಿನಗಳಲ್ಲಿ ಖಾಲಿಯೇ ಇರುತ್ತದೆ. ಹೆಚ್ಚುವರಿ ವಾಹನವಿದ್ದವನು ವಾಹನವಿಲ್ಲದವನಿಗೆ ಅದನ್ನು ನೀಡಲಿ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಮನುಷ್ಯನು ವಾಹನ ಏರಲು ನೆರವಾಗುವುದು, ಅವನ ಸಾಮಾನನ್ನು ಎತ್ತಿಕೊಡುವುದೂ ದಾನವೆಂದು ತಿಳಿಸಿದ್ದಾರೆ. ಜಾತಿ ಮತ ನೋಡದೆ, ಬಸ್ಸು ತಪ್ಪಿಸಿಕೊಂಡ ವಿದ್ಯಾರ್ಥಿಯನ್ನೋ, ಔಷಧದ ಚೀಲ ಹಿಡಿದು ನಿಂತ ಹಿರಿಯರನ್ನೋ ಕೂರಿಸಿಕೊಳ್ಳಿ. ಇನ್ನೊಂದು ಹೆಲ್ಮೆಟ್ ಜೊತೆಗಿಟ್ಟುಕೊಂಡರೆ ಈ ದಾನಕ್ಕೆ ದಾರಿ ಸದಾ ತೆರೆದಿರುತ್ತದೆ. ಮೈಗೆ ಹಿತವಾದ ಬೈಕನ್ನು ಧೈರ್ಯವಾಗಿ ಕೊಳ್ಳಿ, ಅದರ ಹಿತವನ್ನು ಇತರರಿಗೂ ಹಂಚಿ. ಕುದುರೆಯಿರಲಿ, ಬೈಕಿರಲಿ, ಎಲ್ಲ ಸವಾರಿಗಳ ಬಗ್ಗೆಯೂ ಒಂದು ದಿನ ಪ್ರಶ್ನಿಸಲಾಗುವುದು. ಆ ದಿನ ನಮ್ಮ ವಾಹನವು ಹೊರೆಯಾಗದೆ, ನಮ್ಮ ಪರವಾಗಿ ಸಾಕ್ಷಿ ನುಡಿಯುವಂತಾಗಲಿ.